ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ: ದೇಶದ ಬೆಳವಣಿಗೆಯೂ ನಮ್ಮ ಲೆಕ್ಕದ ಪುಸ್ತಕವೂ

ಕಳೆದ ಮಾರ್ಚ್ ಅಂತ್ಯದ ಲೆಕ್ಕಗಳನ್ನು ಮುಗಿಸುವ ಸಂದರ್ಭದಲ್ಲಿ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಕಕ್ಷಿದಾರರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಗಿದೆ. "ಐದು ವರ್ಷದಲ್ಲಿ ಕಂಪ್ಯೂಟರು, ಸಾಫ್ಟ್‌ವೇರು ಅಂತ ಹನ್ನೊಂದು ಲಕ್ಷ ಹಾಕಿದ್ದೀನಿ ಸಾರ್. ಲಾಭ ಮಾತ್ರ ಇದ್ದಲ್ಲೇ ಇದೆ. ದೇಶ ಇದರಿಂದಲೇ ಬೆಳೀತು ಅಂತಾರೆ, ನನ್ನ ಫ್ಯಾಕ್ಟರಿ ಯಾಕೆ ಬೆಳೀಲಿಲ್ಲ?" ಎಂದು ಅವರು ಕೇಳಿದರು. ಆ ಕ್ಷಣದಲ್ಲಿ ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಅರ್ಥಶಾಸ್ತ್ರಜ್ಞರು ದಶಕಗಳ ಹಿಂದೆಯೇ ಎತ್ತಿದ್ದರೆಂಬುದು ನೆನಪಾಯಿತು.

ಆರ್ಥಿಕ ಬೆಳವಣಿಗೆಯ ಸಿದ್ಧಾಂತಕ್ಕಾಗಿ 1987ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅಮೆರಿಕದ ರಾಬರ್ಟ್ ಸೋಲೋ ಅವರು ಅದೇ ವರ್ಷ ಒಂದು ಮಾತನ್ನು ಆಡಿದರು. ಕಂಪ್ಯೂಟರ್ ಯುಗವು ಎಲ್ಲೆಡೆ ಕಾಣಿಸುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣಿಸುತ್ತಿಲ್ಲ ಎಂಬುದು ಅದರ ತಾತ್ಪರ್ಯ. ವಸ್ತುಸ್ಥಿತಿಯೂ ಹಾಗೆಯೇ ಇತ್ತು. 1973ರಿಂದ 1995ರವರೆಗೆ ಅಮೆರಿಕದಲ್ಲಿ ಕಾರ್ಮಿಕ ಉತ್ಪಾದಕತೆಯ ವಾರ್ಷಿಕ ಏರಿಕೆ ಶೇಕಡಾ 1.5ರ ಆಸುಪಾಸಿನಲ್ಲಿತ್ತು. ನಂತರದ ಸುಮಾರು ಹತ್ತು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಯಿತು. 2005ರ ತರುವಾಯ ಮತ್ತೆ ತಗ್ಗಿತು. ಯಂತ್ರ ಬಂದದ್ದು ಮೊದಲು, ಫಲ ದೊರೆತದ್ದು ಬಹಳ ತಡವಾಗಿ.

ವಿದ್ಯುತ್ ಮೋಟಾರಿನ ದೃಷ್ಟಾಂತ

ಈ ವಿಳಂಬಕ್ಕೆ ಕಾರಣವನ್ನು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಅವರು 1990ರಲ್ಲಿ ವಿದ್ಯುಚ್ಛಕ್ತಿಯ ಉದಾಹರಣೆಯಿಂದ ವಿವರಿಸಿದರು. ನ್ಯೂಯಾರ್ಕಿನಲ್ಲಿ ಎಡಿಸನ್‌ರ ವಿದ್ಯುತ್ ಕೇಂದ್ರ ಆರಂಭವಾದದ್ದು 1882ರಲ್ಲಿ. ಆದರೆ ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ನೆಗೆದದ್ದು 1920ರ ದಶಕದಲ್ಲಿ. ನಡುವಿನ ನಾಲ್ಕು ದಶಕ ಏನಾಯಿತು? ಆಗಿನ ಕಾರ್ಖಾನೆಗಳಲ್ಲಿ ಒಂದೇ ದೊಡ್ಡ ಉಗಿಯಂತ್ರವಿದ್ದು, ಛಾವಣಿಯಡಿಯ ಉದ್ದನೆಯ ಶಾಫ್ಟ್ ಮತ್ತು ಬೆಲ್ಟುಗಳ ಮೂಲಕ ಎಲ್ಲ ಯಂತ್ರಗಳಿಗೂ ಚಾಲನೆ ದೊರೆಯುತ್ತಿತ್ತು. ಮಾಲೀಕರು ಮೊದಮೊದಲು ಉಗಿಯಂತ್ರವನ್ನು ತೆಗೆದು ಆ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಕೂರಿಸಿದರು. ಶಾಫ್ಟು, ಬೆಲ್ಟು, ಯಂತ್ರಗಳ ಜೋಡಣೆ ಎಲ್ಲವೂ ಹಿಂದಿನಂತೆಯೇ ಉಳಿದವು. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಮೋಟಾರು ಬಂದು, ಕೆಲಸ ಸಾಗುವ ಕ್ರಮಕ್ಕೆ ಅನುಗುಣವಾಗಿ ಕಟ್ಟಡವನ್ನೇ ಬದಲಿಸಿದ ಮೇಲಷ್ಟೇ ಲಾಭ ಕಾಣಿಸಿತು.

ಲೇತು, ಡ್ರಿಲ್ಲಿಂಗ್ ಯಂತ್ರಗಳ ನಡುವೆ ಬಾಳುವ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುಮಾಸ್ತರು ಮೊದಲು ಕಿರ್ದಿಯಲ್ಲಿ ಬರೆದು ಅನಂತರ ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ತುಂಬುವ ಅಂಗಡಿಗಳನ್ನು ನಾನು ಇಂದಿಗೂ ಕಾಣುತ್ತೇನೆ. ಅದು ಶಾಫ್ಟನ್ನು ಉಳಿಸಿಕೊಂಡು ಮೋಟಾರು ಕೂರಿಸಿದಂತೆಯೇ ಸರಿ.

ಇಲ್ಲಿ ಇನ್ನೊಂದು ಭೇದವನ್ನೂ ಗಮನಿಸಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದದ್ದು, 1991ರಲ್ಲಿ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ ಸ್ಥಾಪನೆಯಾದದ್ದು, ತರುವಾಯದ ರಫ್ತಿನ ಕಥೆ ಎಲ್ಲರಿಗೂ ತಿಳಿದಿದೆ. ಇದು ತಂತ್ರಜ್ಞಾನವನ್ನು ಉತ್ಪಾದಿಸಿ ಮಾರುವುದರಿಂದ ಬರುವ ಬೆಳವಣಿಗೆ. ತಂತ್ರಜ್ಞಾನವನ್ನು ಬಳಸುವುದರಿಂದ ಬರುವ ಬೆಳವಣಿಗೆ ಬೇರೆಯೇ ಆಗಿದ್ದು, ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಸಂಬಂಧಿಸಿದ್ದು ಈ ಎರಡನೆಯದೇ. ಇದಕ್ಕೆ ದೊರೆಯುವ ಅತ್ಯಂತ ಸ್ಪಷ್ಟವಾದ ನಿದರ್ಶನ ಸಾಫ್ಟ್‌ವೇರ್ ಕಚೇರಿಗಳದ್ದಲ್ಲ, ಮೀನುಗಾರರದ್ದು.

ಕಡಲತೀರದ ಪಾಠ

ನಮ್ಮ ಗಡಿಗೆ ತಾಗಿಕೊಂಡಿರುವ ಕಾಸರಗೋಡು ಹಾಗೂ ಅದರ ದಕ್ಷಿಣಕ್ಕಿರುವ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ತೀರದಲ್ಲಿ 1997 ಮತ್ತು 2001ರ ನಡುವೆ ಹಂತಹಂತವಾಗಿ ಮೊಬೈಲ್ ದೂರವಾಣಿ ಬಂದಿತು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಈ ಅವಧಿಯುದ್ದಕ್ಕೂ ಅಲ್ಲಿನ ಬೂತಾಯಿ ಮೀನಿನ ಪೇಟೆಗಳ ಬೆಲೆಗಳನ್ನು ದಾಖಲಿಸಿ 2007ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದೂರವಾಣಿ ಬರುವ ಮೊದಲು, ದೋಣಿಗಳು ತಮ್ಮ ಊರಿನ ತೀರಕ್ಕೇ ಮರಳುತ್ತಿದ್ದವು. ಅಂದು ಅಲ್ಲಿ ಮೀನು ಹೆಚ್ಚಾದರೆ ಕೊಳ್ಳುವವರಿಲ್ಲದೆ ಸಮುದ್ರಕ್ಕೆ ಚೆಲ್ಲಬೇಕಾಗುತ್ತಿತ್ತು. 1997ರ ಜನವರಿಯ ಒಂದು ಬೆಳಿಗ್ಗೆ ವಡಕರದಲ್ಲಿ ಹನ್ನೊಂದು ದೋಣಿಗಳಿಗೆ ಗಿರಾಕಿಗಳೇ ಇರಲಿಲ್ಲ; ಆದರೆ ಹದಿನೈದು ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ ಕೊಳ್ಳುವವರು ಮೀನಿಲ್ಲದೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ಮೊಬೈಲ್ ಬಂದ ಮೇಲೆ ಮೀನುಗಾರರು ದೋಣಿಯಿಂದಲೇ ಕರೆಮಾಡಿ, ದರ ವಿಚಾರಿಸಿ, ಎಲ್ಲಿಗೆ ಹೋಗಬೇಕೆಂದು ನಿರ್ಧರಿಸತೊಡಗಿದರು. ಪೇಟೆಯಿಂದ ಪೇಟೆಗಿದ್ದ ಬೆಲೆಯ ಅಂತರ ಬಹುವಾಗಿ ಕುಗ್ಗಿತು. ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು. ಅದೇ ವೇಳೆಗೆ ಗ್ರಾಹಕರು ತೆರುವ ಬೆಲೆ ಶೇಕಡಾ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಲಾಭವಾದದ್ದು ಹೇಗೆಂದು ಕೆಲವರಿಗೆ ಸಂಶಯ ಬರಬಹುದು. ಹಿಂದೆ ಸಮುದ್ರದ ಪಾಲಾಗುತ್ತಿದ್ದ ಸರಕು ಈಗ ಮಾರಾಟವಾಯಿತು. ಲಾಭದ ಮೂಲ ಅದೇ. ಸಮುದ್ರಕ್ಕೆ ಚೆಲ್ಲಿದ ಮೀನು ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಶೂನ್ಯ, ಮಾರಾಟವಾದ ಮೀನು ಆದಾಯ. ಹೊಸ ದೋಣಿಯಿಲ್ಲ, ಹೊಸ ಬಲೆಯಿಲ್ಲ, ಸುದ್ದಿ ಮಾತ್ರ ಬೇಗ ತಲುಪಿತು.

ಎಲ್ಲ ಸರಕಿಗೂ ಇಷ್ಟು ಸುಲಭವಾಗಿ ಫಲ ದೊರೆಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2014ರಲ್ಲಿ ಕರ್ನಾಟಕ ಸರ್ಕಾರವು ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಸಂಸ್ಥೆಯ ಮೂಲಕ ಎ.ಪಿ.ಎಂ.ಸಿ. ಪೇಟೆಗಳನ್ನು ಏಕೀಕೃತ ವೇದಿಕೆಗೆ ತರಲಾರಂಭಿಸಿತು. ಚೀಟಿ ಟೆಂಡರಿನ ಬದಲು ವರ್ತಕರು ಕಂಪ್ಯೂಟರಿನಲ್ಲಿ ದರ ನಮೂದಿಸುವ ಪದ್ಧತಿ ಬಂದಿತು. ಇದರ ಪರಿಣಾಮವನ್ನು ಪರಿಶೀಲಿಸಿದ ಸಂಶೋಧಕರು ಭತ್ತ, ಶೇಂಗಾ ಮತ್ತು ಮೆಕ್ಕೆಜೋಳದ ಧಾರಣೆ ಸುಮಾರು ಶೇಕಡಾ 3ರಿಂದ 5ರಷ್ಟು ಹೆಚ್ಚಿದ್ದನ್ನು ಕಂಡರು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ನಂಬಿಕೆಯಿಲ್ಲದೆ ದೂರದ ಊರಿನ ವರ್ತಕನು ಕಣ್ಣಿಗೆ ಕಾಣದ ರಾಶಿಗೆ ದರ ಹಾಕಲಾರ. ಪರದೆಯ ಮೇಲೆ ದರ ಕಂಡರೂ ಕಾಳು ಕೈಗೆ ಸಿಗುವುದಿಲ್ಲವೆಂಬುದನ್ನು ಯಾರ್ಡಿನಲ್ಲಿ ನಿಂತ ಯಾವ ದಲಾಲರಾದರೂ ಹೇಳಿಯಾರು.

ಕಾರ್ಖಾನೆಯೊಳಗಿನ ಲೆಕ್ಕ

ಈಗ ನಮ್ಮ ಕಕ್ಷಿದಾರರ ವಿಷಯಕ್ಕೆ ಬರೋಣ. ಅವರ ವಹಿವಾಟನ್ನು ಸ್ಥೂಲ ಅಂಕಿಗಳಲ್ಲಿ ಹೀಗೆ ಹೇಳಬಹುದು. ವಾರ್ಷಿಕ ಮಾರಾಟ 3 ಕೋಟಿ ರೂಪಾಯಿ, ಕಚ್ಚಾ ಸಾಮಗ್ರಿಯ ವೆಚ್ಚ 1 ಕೋಟಿ 80 ಲಕ್ಷ. ಸಾಮಗ್ರಿಯ ದಾಸ್ತಾನು 60 ದಿನಗಳದ್ದು, ಅಂದರೆ 30 ಲಕ್ಷ. ಬಾಕಿ ವಸೂಲಿಗೆ 90 ದಿನ, ಅಂದರೆ 75 ಲಕ್ಷ. ಉಗ್ರಾಣಕ್ಕೆ ಹೋಗಿ ನೋಡಿದಾಗ ತಿಳಿದದ್ದೇನೆಂದರೆ, ದಾಸ್ತಾನಿನ ಸಾಫ್ಟ್‌ವೇರಿನಲ್ಲಿ ತಿಂಗಳಿಗೊಮ್ಮೆ, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ಹಿಂದಿನ ದಿನ ಮಾತ್ರ ನಮೂದು ನಡೆಯುತ್ತಿತ್ತು. ದಿನನಿತ್ಯದ ಲೆಕ್ಕ ಉಗ್ರಾಣದವರ ನೋಟ್ ಪುಸ್ತಕದಲ್ಲಿತ್ತು. ಖರೀದಿಯ ನಿರ್ಧಾರ ಮಾಲೀಕರ ನೆನಪಿನ ಮೇಲೆ ನಡೆಯುತ್ತಿತ್ತು. ಒಂದೇ ಅಳತೆಯ ಉಕ್ಕಿನ ಸರಳನ್ನು ಒಂದೇ ತಿಂಗಳಲ್ಲಿ ಎರಡು ಬಾರಿ ತರಿಸಿದ್ದೂ ಉಂಟು.

ದಿನದ ನಮೂದು ದಿನವೇ ಆಗಿ ದಾಸ್ತಾನು 40 ದಿನಕ್ಕೆ ಇಳಿದರೆ 10 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಶೇಕಡಾ 12ರ ಬಡ್ಡಿಯಲ್ಲಿ ವರ್ಷಕ್ಕೆ 1,20,000 ರೂಪಾಯಿ ಉಳಿತಾಯ. ವಸೂಲಿಯ ಅವಧಿ 75 ದಿನಕ್ಕೆ ಬಂದರೆ ಮತ್ತೆ 12.5 ಲಕ್ಷ, ಬಡ್ಡಿಯಲ್ಲಿ 1,50,000. ಒಟ್ಟು 2,70,000. ಮಾಲೀಕರ ದೃಷ್ಟಿಯಲ್ಲಿ ಎರಡೂ ಒಂದೇ. ದೇಶದ ದೃಷ್ಟಿಯಲ್ಲಿ ಹಾಗಲ್ಲ. ವಸೂಲಿ ಬೇಗನೆ ಆದರೆ ನಮಗೆ ಉಳಿದ ಬಡ್ಡಿಯನ್ನು ನಮ್ಮ ಗಿರಾಕಿ ಭರಿಸುತ್ತಾನೆ. ಅದು ಬಹುಮಟ್ಟಿಗೆ ಒಬ್ಬರ ಕಿಸೆಯಿಂದ ಇನ್ನೊಬ್ಬರ ಕಿಸೆಗೆ ವರ್ಗಾವಣೆ. ದಾಸ್ತಾನು ಕಡಿಮೆಯಾದಾಗ ಮಾತ್ರ, ಸುಮ್ಮನೆ ತುಕ್ಕು ಹಿಡಿಯುತ್ತಿದ್ದ ಬಂಡವಾಳ ನಿಜವಾಗಿ ಬೇರೆ ಕೆಲಸಕ್ಕೆ ಒದಗುತ್ತದೆ. ಆರ್ಥಿಕ ಬೆಳವಣಿಗೆಗೆ ತಂತ್ರಜ್ಞಾನದ ಕೊಡುಗೆಯನ್ನು ಅಳೆಯುವಾಗ ಈ ಎರಡನ್ನೂ ಕೂಡಿಸಿಬಿಡುವುದು ತಪ್ಪಾಗುತ್ತದೆ.

ಲೆಕ್ಕಪರಿಶೋಧಕನಾಗಿ ನನಗೆ ಕಾಣುವ ಇನ್ನೊಂದು ತೊಡಕು ಪುಸ್ತಕದ್ದು. ಕಂಪ್ಯೂಟರಿನ ಬೆಲೆ ಆಸ್ತಿಯೆಂದು ಅಢಾವೆ ಪತ್ರಿಕೆಗೆ ಹೋಗುತ್ತದೆ. ಆದಾಯ ತೆರಿಗೆಯಲ್ಲಿ ಅದಕ್ಕೆ ಒಂದು ಕಾಲದಲ್ಲಿ ಶೇಕಡಾ 60ರ ಸವಕಳಿ ಇದ್ದು, 2017ರ ಏಪ್ರಿಲ್‌ನಿಂದ ಶೇಕಡಾ 40ಕ್ಕೆ ಇಳಿಯಿತು. ಆದರೆ ಉಗ್ರಾಣದವರಿಗೆ ಕಲಿಸಲು ತಗಲಿದ ಸಂಬಳ, ಕೆಲಸದ ಕ್ರಮ ಬದಲಿಸುವಾಗ ಆದ ಗೊಂದಲದ ನಷ್ಟ ಇವೆಲ್ಲ ಆ ವರ್ಷದ ಖರ್ಚಿನಲ್ಲಿ ಕರಗಿಹೋಗುತ್ತವೆ. ಫಲ ಕೊಡುವ ಹೂಡಿಕೆ ಇದೇ ಆಗಿದ್ದರೂ ಪುಸ್ತಕದಲ್ಲಿ ಅದು ನಷ್ಟದಂತೆ ಕಾಣುವುದರಿಂದ ಮಾಲೀಕರು ಮೊದಲು ಕಡಿತಗೊಳಿಸುವುದೂ ಇದನ್ನೇ. ನಮ್ಮ ಕಕ್ಷಿದಾರರ ಹನ್ನೊಂದು ಲಕ್ಷದಲ್ಲಿ ತರಬೇತಿಗೆ ಹೋದದ್ದು ಹದಿನಾಲ್ಕು ಸಾವಿರ ರೂಪಾಯಿ.

ತೆರಿಗೆಯ ಜಾಲ

ಸ್ವಂತ ಇಚ್ಛೆಯಿಂದ ತಂತ್ರಜ್ಞಾನ ಅಳವಡಿಸಿಕೊಂಡವರು ಕಡಿಮೆ, ಕಾನೂನಿಗಾಗಿ ಅಳವಡಿಸಿಕೊಂಡವರೇ ಹೆಚ್ಚು ಎಂದರೆ ಸದಸ್ಯರು ಬೇಸರಿಸಬಾರದು. 2017ರ ಜುಲೈ 1ರಂದು ಜಿ.ಎಸ್.ಟಿ., 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್, 2020ರ ಅಕ್ಟೋಬರ್‌ನಲ್ಲಿ ದೊಡ್ಡ ಸಂಸ್ಥೆಗಳಿಗೆ ಇ-ಇನ್‌ವಾಯ್ಸ್, 2023ರ ಆಗಸ್ಟ್‌ನಿಂದ 5 ಕೋಟಿ ಮೀರಿದ ವಹಿವಾಟಿನವರಿಗೂ ಅದೇ. ಚೆಕ್‌ಪೋಸ್ಟುಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ತಪ್ಪಿದ್ದು ಸಣ್ಣ ಲಾಭವಲ್ಲ. ಆದರೆ 2022ರ ಜನವರಿಯಿಂದ, ಮಾರಿದವನು ತನ್ನ ವಿವರಪಟ್ಟಿಯಲ್ಲಿ ತೋರಿಸದಿದ್ದರೆ ಕೊಂಡವನಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲ. ನಮ್ಮ ಕಕ್ಷಿದಾರರ ಸರಬರಾಜುದಾರರೊಬ್ಬರು ಎರಡು ತಿಂಗಳು ವಿವರ ಸಲ್ಲಿಸದೆ ಇದ್ದುದರಿಂದ ಇವರ 3,24,000 ರೂಪಾಯಿ ಅಷ್ಟೂ ಕಾಲ ಸಿಕ್ಕಿಹಾಕಿಕೊಂಡಿತು. ತೆರಿಗೆ ಇಲಾಖೆಯ ತಪಾಸಣೆಯ ಕೆಲಸವನ್ನು ಜಾಲದ ಮೂಲಕ ಸಣ್ಣ ವರ್ತಕನ ಹೆಗಲಿಗೆ ಹೊರಿಸಿದಂತಾಗಿದೆಯೆಂಬ ದೂರಿನಲ್ಲಿ ಸತ್ಯವಿದೆ.

ಅದೇ ಜಾಲ ಸಾಲದ ಬಾಗಿಲನ್ನೂ ತೆರೆಯಬಲ್ಲದು. ರಿಸರ್ವ್ ಬ್ಯಾಂಕಿನ ಅನುಮತಿಯ ಮೇರೆಗೆ 2017ರಿಂದ ಕಾರ್ಯನಿರ್ವಹಿಸುತ್ತಿರುವ 'ಟ್ರೆಡ್ಸ್' ವೇದಿಕೆಗಳಲ್ಲಿ ಸಣ್ಣ ಉದ್ದಿಮೆದಾರನು ತನ್ನ ಬಿಲ್ಲನ್ನು ಏರಿಸಿದರೆ, ಕೊಂಡ ಕಂಪನಿ ಅದನ್ನು ಒಪ್ಪಿಕೊಂಡ ಮೇಲೆ ಬ್ಯಾಂಕುಗಳು ಸ್ಪರ್ಧೆಯಲ್ಲಿ ಬಡ್ಡಿದರ ಸೂಚಿಸಿ ಹಣ ನೀಡುತ್ತವೆ. ಸಾಲದ ಯೋಗ್ಯತೆ ಇಲ್ಲಿ ಕೊಂಡ ಕಂಪನಿಯದು. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಬಿಲ್ಲನ್ನು ಒಪ್ಪಿಕೊಳ್ಳಲು ಕೊಂಡ ಕಂಪನಿಯವರೇ ತಡಮಾಡಿದರೆ ಮಾತ್ರ ಏನೂ ಸಾಗದು.

ನಮ್ಮ ಕಕ್ಷಿದಾರರ ಮುಖ್ಯ ಗಿರಾಕಿ ಈ ಮಿತಿಗೆ ಒಳಪಡುವ ಕಂಪನಿಯೇ ಆಗಿದೆ. ಅವರು ನೋಂದಣಿಗೆ ಅರ್ಜಿ ಹಾಕಿದ್ದಾರೆ. ಉಗ್ರಾಣದ ನೋಟ್ ಪುಸ್ತಕವನ್ನು ಜೂನ್ ತಿಂಗಳಲ್ಲಿ ನಿಲ್ಲಿಸಲಾಯಿತು. ಮೊದಲ ಮೂರು ವಾರ ಯಾವ ಲೆಕ್ಕವೂ ತಾಳೆಯಾಗದೆ ಉಗ್ರಾಣದವರು ಕೆಲಸ ಬಿಡುವುದಾಗಿ ಹೇಳಿದ್ದರಂತೆ. ಸೆಪ್ಟೆಂಬರ್ ಅಂತ್ಯಕ್ಕೆ ದಾಸ್ತಾನು 51 ದಿನಕ್ಕೆ ಬಂದಿದೆ.