ಪಿಯುಸಿ ಅಂಕವನ್ನಷ್ಟೇ ನಂಬಬೇಡಿ

ದೆಹಲಿ ವಿಶ್ವವಿದ್ಯಾಲಯದಲ್ಲಿ ಪದವಿ ಓದುವ ಆಸೆಯೇ? ಪಿಯುಸಿಯಲ್ಲಿ ಶೇ. 98 ಬಂದಿದೆ, ಸೀಟು ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ ಮಕ್ಕಳೇ. 2022ರಿಂದ ಅಲ್ಲಿ ಲೆಕ್ಕಕ್ಕೆ ಬರುವುದು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ. ಆ ಪರೀಕ್ಷೆಯನ್ನೂ ಪಿಯುಸಿಯಲ್ಲಿ ಓದಿದ ವಿಷಯಗಳಲ್ಲೇ ಬರೆಯಬೇಕು. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಕಡ್ಡಾಯ. ಅರ್ಜಿ ತುಂಬುವಾಗ ಅದನ್ನು ಬಿಟ್ಟರೆ ಆಮೇಲೆ ಅತ್ತು ಪ್ರಯೋಜನವಿಲ್ಲ. ಬಹುಪಾಲು ಕೋರ್ಸುಗಳಿಗೆ ಭಾಷಾ ಪತ್ರಿಕೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಬಹುದು, ಹಿಂಜರಿಯಬೇಡಿ.

ಮೀಸಲಾತಿಯ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಿ. ನಮ್ಮ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯದು. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲಿ, ಪ್ರವೇಶ ಪಡೆಯುವ ಆರ್ಥಿಕ ವರ್ಷದ ಪ್ರಮಾಣಪತ್ರ ಮಾಡಿಸಿಡಿ. ತಾಲ್ಲೂಕು ಕಚೇರಿಯ ಕೆಲಸ, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಇನ್ನು, ಹಂಚಿಕೆಯಾದ ಸೀಟನ್ನು ಒಪ್ಪಿಕೊಳ್ಳದಿದ್ದರೆ ಮುಂದಿನ ಸುತ್ತುಗಳಿಂದಲೇ ಹೊರಬೀಳುತ್ತೀರಿ. ಮೊದಲು ಒಪ್ಪಿ, ಶುಲ್ಕ ಕಟ್ಟಿ. ಇನ್ನೂ ಒಳ್ಳೆಯ ಕಾಲೇಜು ಬೇಕಿದ್ದರೆ ಆಮೇಲೆ ಅಪ್‌ಗ್ರೇಡ್ ಕೇಳಿ.