ರೂಢಿ ಯಾವುದು, ಆಚಾರ ಯಾವುದು?

ಮೈಸೂರು ಸೀಮೆಯ ಒಂದು ಶಿವಭಕ್ತ ಮನೆತನಕ್ಕೆ ಕಲಬುರಗಿ ಸೀಮೆಯಿಂದ ಸೊಸೆ ಬಂದಳೆಂದು ಭಾವಿಸಿರಿ. ಮಾರ್ಗಶಿರ ಮಾಸದ ಅಮಾವಾಸ್ಯೆಯ ಹಿಂದಿನ ದಿನ ಆಕೆಯು ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆಗಳ ಸಿದ್ಧತೆಗೆ ತೊಡಗಿ, “ಅತ್ತಿ, ನಾಳೆ ಚರಗ ಚೆಲ್ಲಾಕ ಯಾವ ಹೊಲಕ್ಕ ಹೋಗೂದ್ರಿ?” ಎಂದು ಕೇಳುತ್ತಾಳೆ. ಅತ್ತೆಗೆ ಆಶ್ಚರ್ಯವಾಗುತ್ತದೆ. “ಇದ್ಯಾವ ಹಬ್ಬನಮ್ಮ? ಎಲ್ಲೂ ಇಲ್ಲದ ಪದ್ಧತಿ!” ಎನ್ನುತ್ತಾಳೆ. “ಎಲ್ಲಾರೂ ಮಾಡ್ತಾರ್ರಿ. ಎಳ್ಳಮಾಸಿ ಇಲ್ಲದ ಊರು ಅದಾವೇನ್ರಿ?” ಎಂಬುದು ಸೊಸೆಯ ಉತ್ತರ. ಒಬ್ಬಳು “ಎಲ್ಲೂ ಇಲ್ಲ” ಎಂದಳು. ಇನ್ನೊಬ್ಬಳು “ಎಲ್ಲರೂ ಮಾಡುತ್ತಾರೆ” ಎಂದಳು. ಇಬ್ಬರಲ್ಲಿ ಯಾರೂ ಸುಳ್ಳಾಡಲಿಲ್ಲ. ತನ್ನ ಸೀಮೆಯನ್ನೇ ಲೋಕವೆಂದು ತಿಳಿದು ಇಬ್ಬರೂ ತಪ್ಪಿದರು.

ಈ ವ್ಯತ್ಯಾಸಕ್ಕೆ ಕಾರಣವು ಮಣ್ಣಿನಲ್ಲಿಯೇ ಇದೆ. ಕಲಬುರಗಿ, ವಿಜಯಪುರ, ಬೀದರಗಳ ಕಪ್ಪು ಎರೆಭೂಮಿಯಲ್ಲಿ ಹಿಂಗಾರಿನ ಜೋಳ, ಕಡಲೆಗಳು ಎಳ್ಳಮಾವಾಸ್ಯೆಯ ವೇಳೆಗೆ ಹೊಲದಲ್ಲಿ ಹಸಿರಾಗಿ ನಿಂತಿರುತ್ತವೆ. ಒಕ್ಕಲುಮಕ್ಕಳು ಸಕುಟುಂಬವಾಗಿ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಅಡಿಗೆಯನ್ನು ಪೈರಿನ ನಡುವೆ ಚರಗವಾಗಿ ಚೆಲ್ಲಿ, ಬಂದವರೆಲ್ಲರೊಡನೆ ಕುಳಿತು ಉಣ್ಣುತ್ತಾರೆ. ಮೈಸೂರು ಸೀಮೆಯ ಮುಖ್ಯ ಬೆಳೆಯಾದ ಮಳೆಯಾಶ್ರಯದ ರಾಗಿಯು ಅಷ್ಟರಲ್ಲಿ ಕೊಯ್ಲಾಗಿ ಹೊಲ ಬರಿದಾಗಿರುತ್ತದೆ. ಅಲ್ಲಿ ಸಂಭ್ರಮವು ಸಂಕ್ರಾಂತಿಗೆ ಬರುತ್ತದೆ. ಎಳ್ಳು, ಸಕ್ಕರೆಯ ಅಚ್ಚು, ಕಬ್ಬುಗಳನ್ನು ಮನೆಮನೆಗೆ ಬೀರುವುದು ಮತ್ತು ದನಗಳಿಗೆ ಕಿಚ್ಚು ಹಾಯಿಸುವುದು ಆ ದಿನದ ಪದ್ಧತಿ. ಹಾಗೆಯೇ ದಸರೆಯಲ್ಲಿ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂಡಿಸುವರು. ಉತ್ತರದ ಊರುಗಳಲ್ಲಿ ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಹಿರಿಯರ ಕೈಗಿತ್ತು ನಮಸ್ಕರಿಸುವರು. ಒಂದೇ ಭಾಷೆಯ, ಒಂದೇ ಇಷ್ಟಲಿಂಗವನ್ನು ಧರಿಸಿದ ಜನರಲ್ಲಿಯೇ ಇಷ್ಟು ಭೇದವಿದೆ.

ನಾಡಿನ ಗಡಿಯನ್ನು ದಾಟಿದರೆ ತಿಂಗಳುಗಳ ಹೆಸರೇ ಬದಲಾಗುವುದನ್ನು ಕಾಣಬಹುದು. ಕನ್ನಡ ನಾಡಿನ ಭಕ್ತರು ಮಹಾಶಿವರಾತ್ರಿಯನ್ನು ಮಾಘ ಬಹುಳ ಚತುರ್ದಶಿಯೆಂದು ಬಲ್ಲರು. ಕಾಶಿಯ ಪಂಚಾಂಗದಲ್ಲಿ ಅದೇ ರಾತ್ರಿಯು ಫಾಲ್ಗುಣ ಕೃಷ್ಣ ಚತುರ್ದಶಿ. ಇಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಆದುದರಿಂದ ಶುಕ್ಲಪಕ್ಷದ ಹೆಸರು ಎರಡೂ ಕಡೆ ಒಂದೇ ಆಗಿದ್ದು, ಕೃಷ್ಣಪಕ್ಷದಲ್ಲಿ ಮಾತ್ರ ಅವರು ಒಂದು ತಿಂಗಳು ಮುಂದಿರುತ್ತಾರೆ. ಶ್ರಾವಣವೂ ಹೀಗೆಯೇ. ಕಾಶಿಯ ಜಂಗಮವಾಡಿ ಮಠಕ್ಕೆ ಹೋದ ಭಕ್ತನು, ತನ್ನೂರಿನಲ್ಲಿ ಇನ್ನೂ ಆಷಾಢವಿರುವಾಗಲೇ ವಿಶ್ವನಾಥನ ಸನ್ನಿಧಿಯಲ್ಲಿ ಶ್ರಾವಣ ಸೋಮವಾರದ ಜನಸಂದಣಿಯನ್ನು ಕಂಡು ಬೆರಗಾಗಬಹುದು. ಅಲ್ಲಿ ಶ್ರಾವಣವು 15 ದಿನ ಮೊದಲೇ ಆರಂಭವಾಗಿರುತ್ತದೆ. ಅವರ ಪೂಜೆ ಅಕಾಲದ್ದೆಂದು ಇವನು ಹೇಳಿದರೆ, ಇವನ ಶಿವರಾತ್ರಿಯ ಮಾಸವೇ ತಪ್ಪೆಂದು ಅವರು ಹೇಳಬೇಕಾದೀತು! ಚಂದ್ರನಿಗೆ ಈ ವಾದವಿಲ್ಲ. ಅವನು ಎರಡೂ ಊರುಗಳ ಮೇಲೆ ಒಂದೇ ಕಲೆಯಿಂದ ಕ್ಷೀಣಿಸುತ್ತಾನೆ.

ವರ್ಷಾರಂಭದ ವಿಷಯವೂ ಇಂತಹುದೇ. ಚೈತ್ರ ಶುದ್ಧ ಪಾಡ್ಯದಂದು ಬೇವುಬೆಲ್ಲ ಸವಿಯುವ ಗೃಹಸ್ಥನು ದೇಶಕ್ಕೆಲ್ಲ ಅದೇ ಯುಗಾದಿಯೆಂದು ತಿಳಿಯುತ್ತಾನೆ. ಆದರೆ ಗುಜರಾತಿನಲ್ಲಿ ಕಾರ್ತಿಕ ಶುದ್ಧ ಪಾಡ್ಯವೇ, ಅಂದರೆ ಇಲ್ಲಿಯ ಬಲಿಪಾಡ್ಯಮಿಯೇ, ಹೊಸ ವರ್ಷ. ತಮಿಳರು, ಬಂಗಾಳಿಗಳು ಸೂರ್ಯನ ಗತಿಯನ್ನು ಅನುಸರಿಸಿ ಏಪ್ರಿಲ್ ತಿಂಗಳ ನಡುವಿನಲ್ಲಿ ವರ್ಷವನ್ನು ತೊಡಗುತ್ತಾರೆ. ಕರ್ನಾಟಕದೊಳಗೇ ತುಳುನಾಡಿನ ಜನರಿಗೆ ಬಿಸುವೇ ವರ್ಷದ ಮೊದಲ ಹಬ್ಬ. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಗಾಗಿ ಸಮಿತಿ ನೇಮಕವಾದುದು ಈ ವೈವಿಧ್ಯದ ಕಾರಣದಿಂದಲೇ. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಆದಾಗ್ಯೂ ಹಬ್ಬಗಳ ಮಟ್ಟಿಗೆ ಮನೆಮನೆಯ ಲೆಕ್ಕ ಹಿಂದಿನಂತೆಯೇ ಉಳಿದಿದೆ.

ಹಬ್ಬದ ಭೇದದಿಂದ ದೊಡ್ಡ ಕೇಡಿಲ್ಲ. ವಿವಾಹದ ವಿಷಯದಲ್ಲಿ ಈ ಅಜ್ಞಾನವು ಮನಸ್ಸನ್ನು ನೋಯಿಸುತ್ತದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ದಕ್ಷಿಣದ ಅನೇಕ ಮನೆತನಗಳಲ್ಲಿ ಸಹಜವೆನಿಸಿದೆ. ಉತ್ತರ ಭಾರತದ ಬಹುಪಾಲು ಹಿಂದೂ ಕುಟುಂಬಗಳಿಗೆ ಇದನ್ನು ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವಂತಾಗುತ್ತದೆ; ಹರಿಯಾಣದ ಕಡೆಯ ಹಲವು ಸಮುದಾಯಗಳಲ್ಲಿ ಒಂದೇ ಹಳ್ಳಿಯ ಹೆಣ್ಣುಗಂಡುಗಳೂ ಒಡಹುಟ್ಟಿದವರಂತೆ. ವೀರಶೈವ, ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಮಾವ-ಸೊಸೆಯರಂತಹ ಸಮೀಪ ಸಂಬಂಧಗಳನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಮಾತ್ರ ವಿನಾಯಿತಿ ಕೊಟ್ಟಿದೆ. ಲೋಕವೆಲ್ಲ ಹೀಗೆಯೇ ಎಂಬ ನಂಬಿಕೆಗೆ ಕಾಯಿದೆಯೇ ಉತ್ತರವಾಗಿದೆ. ಸಮೀಪ ರಕ್ತಸಂಬಂಧದ ದಾಂಪತ್ಯದಲ್ಲಿ ಮಕ್ಕಳಿಗೆ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆದ್ದರಿಂದ “ಹಿಂದಿನಿಂದ ಬಂದಿದೆ” ಎಂಬ ಒಂದೇ ಮಾತಿನಿಂದ ಮಗಳ ಮದುವೆಯನ್ನು ಗೊತ್ತು ಮಾಡಲಾಗದು. ಮುತ್ತೈದೆಯ ಗುರುತೂ ಹೀಗೆಯೇ. ತಾಳಿಯಿಲ್ಲದ ಕೊರಳನ್ನು ಕಂಡು ಮರುಗುವ ಹಿರಿಯಳು, ಬಂಗಾಳದ ಗೃಹಿಣಿಯ ಕೈಯ ಶಂಖದ ಬಿಳಿ ಬಳೆಯನ್ನೂ ಕಾಶ್ಮೀರದ ಪಂಡಿತ ಗೃಹಿಣಿಯ ಕಿವಿಯಿಂದ ಇಳಿಬಿದ್ದ ಆಭರಣವನ್ನೂ ಅರಿತಿದ್ದರೆ ಹಾಗೆ ಮರುಗಳು.

ಈ ತಪ್ಪನ್ನು ಇತರರೂ ಮಾಡುವರೆಂಬುದು ಲಿಂಗಾಯತ ಗೃಹಸ್ಥನಿಗೆ ಸಾವಿನ ಮನೆಯಲ್ಲಿ ತಿಳಿಯುತ್ತದೆ. ಲಿಂಗೈಕ್ಯರಾದವರ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಸಮಾಧಿ ಮಾಡುವುದು ಈ ಸಮಾಜದ ಕ್ರಮ. ದೂರದ ನಗರದಲ್ಲಿ ಮಗನ ಮನೆಗೆ ಹೋದ ತಂದೆಯು ಅಲ್ಲಿಯೇ ಲಿಂಗೈಕ್ಯನಾದರೆ, ನೆರೆಯವರು ಒಳ್ಳೆಯ ಮನಸ್ಸಿನಿಂದಲೇ ಬಂದು ಚಿತೆಗೆ ಕಟ್ಟಿಗೆ ಗೊತ್ತುಮಾಡುತ್ತಾರೆ. ಹಿಂದೂಗಳೆಲ್ಲ ಸುಡುವರೆಂಬುದು ಅವರ ತಿಳಿವಳಿಕೆ. ಪರದೇಶದ ಸ್ಮಶಾನಗಳಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿ ಹೂಳುವುದೇ ಸಾಮಾನ್ಯ ವ್ಯವಸ್ಥೆ. ಆ ದುಃಖದ ಹೊತ್ತಿನಲ್ಲಿ ಮಗನು ತನ್ನ ಮನೆತನದ ಕ್ರಮವನ್ನು ವಿವರಿಸಿ ಹೇಳಬೇಕಾಗುತ್ತದೆ. ತನ್ನ ಪದ್ಧತಿಯನ್ನು ವಿಚಿತ್ರವೆಂದು ಯಾರಾದರೂ ನೋಡಿದಾಗ ಆಗುವ ನೋವನ್ನು ಬಲ್ಲವನು, ಪರರ ಪದ್ಧತಿಯನ್ನು ಹಾಗೆ ನೋಡಲಾರನು.

ಈ ವಿವೇಕವು ಶರಣಧರ್ಮಕ್ಕೆ ಹೊರಗಿನದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದವರು ಒಂದೇ ಸೀಮೆಯವರಲ್ಲ. ಬಸವಣ್ಣನವರು ಬಾಗೇವಾಡಿಯವರು, ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕಮಹಾದೇವಿಯು ಉಡುತಡಿಯವಳು, ಸಿದ್ಧರಾಮೇಶ್ವರರು ಸೊನ್ನಲಿಗೆಯವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದರೆಂದು ಪರಂಪರೆಯು ಹೇಳುತ್ತದೆ. ಅವರವರ ಊಟ, ಉಡುಗೆ, ನುಡಿ, ಹಬ್ಬಗಳು ಬೇರೆಯಾಗಿದ್ದಿರಲೇಬೇಕು. ಅವರನ್ನು ಕೂಡಿಸಿದುದು ಅಷ್ಟಾವರಣ, ಕಾಯಕ ಮತ್ತು ದಾಸೋಹ. ಯಾವ ಊರಿನ ಅಡಿಗೆಯಾದರೂ ಲಿಂಗಾರ್ಪಿತವಾದೊಡನೆ ಪ್ರಸಾದವಾಯಿತು.

ಆದರೆ ಭೇದವನ್ನು ಸಹಿಸುವುದೆಂದರೆ ಎಲ್ಲ ರೂಢಿಯನ್ನೂ ಒಪ್ಪುವುದೆಂದಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ತಳ್ಳಿಹಾಕಿದರು. ಆದಾಗ್ಯೂ ಲಿಂಗವನ್ನು ಧರಿಸಿದ ಮನೆಗಳಲ್ಲಿಯೇ ಮುಟ್ಟಾದ ಹೆಣ್ಣುಮಗಳನ್ನು ದೂರ ಕೂಡಿಸುವುದುಂಟು. ಕೇಳಿದರೆ, “ಎಲ್ಲರ ಮನೆಯಲ್ಲಿಯೂ ಹೀಗೆಯೇ” ಎಂಬ ಉತ್ತರ ಬರುತ್ತದೆ. ಎಲ್ಲರ ಮನೆಯಲ್ಲಿ ಹಾಗಿಲ್ಲ. ಇದ್ದರೂ ಅದು ಶರಣರ ಮಾರ್ಗವಲ್ಲ. ವರದಕ್ಷಿಣೆಯೂ ಇಂತಹುದೇ. 1961ರ ಕಾಯಿದೆಯು ಅದನ್ನು ನಿಷೇಧಿಸಿದ್ದರೂ, ಲೋಕದ ಪದ್ಧತಿಯೆಂಬ ನೆಪದಿಂದ ಹೆಣ್ಣು ಹೆತ್ತವರನ್ನು ಸಾಲಕ್ಕೆ ದೂಡುವ ಮನೆಗಳಿವೆ. “ಎಲ್ಲರೂ ಮಾಡುತ್ತಾರೆ” ಎಂಬ ಮಾತು ಒಮ್ಮೆ ನಿರಪರಾಧಿಯನ್ನು ನೋಯಿಸುತ್ತದೆ, ಇನ್ನೊಮ್ಮೆ ಅಪರಾಧವನ್ನು ಮರೆಮಾಡುತ್ತದೆ.

ಆದುದರಿಂದ ಸದ್ಭಕ್ತನು ಒಂದು ಪದ್ಧತಿಯನ್ನು ಹೊಗಳುವ ಅಥವಾ ತೆಗಳುವ ಮೊದಲು ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳತಕ್ಕದ್ದು. ಇದು ಗುರು ಕಲಿಸಿದ ಆಚಾರವೋ, ಊರು ಕಲಿಸಿದ ರೂಢಿಯೋ? ರೂಢಿಯಾದರೆ ಯಾವ ಮಣ್ಣಿನಲ್ಲಿ, ಯಾವ ಕಾರಣಕ್ಕೆ ಹುಟ್ಟಿತು? ಇದರಿಂದ ಯಾರ ಮನಸ್ಸಿಗಾದರೂ ನೋವು, ಯಾರ ಬಾಳಿಗಾದರೂ ಕೇಡು ಉಂಟೋ? ಆಚಾರವಾದರೆ ದೃಢವಾಗಿ ಹಿಡಿಯಬೇಕು. ನಿರುಪದ್ರವಿಯಾದ ರೂಢಿಯನ್ನು ಪ್ರೀತಿಯಿಂದ ನಡೆಸಬಹುದು. ಅದನ್ನು ಅರಿಯದವರ ಮೇಲೆ ಹೇರಲಾಗದು. ನೋವುಂಟುಮಾಡುವ ರೂಢಿಯನ್ನು ಎಷ್ಟು ಜನ ಆಚರಿಸಿದರೂ ಬಿಡತಕ್ಕದ್ದು.

ಮೊದಲು ಹೇಳಿದ ಮನೆಯಲ್ಲಿ ಅತ್ತೆಯು ಇಷ್ಟನ್ನು ಯೋಚಿಸಿದರೆ ಸಾಕು. ಮುಂದಿನ ಎಳ್ಳಮಾವಾಸ್ಯೆಗೆ ಆಕೆಯೇ ಬುತ್ತಿಯನ್ನು ಕಟ್ಟಿಸಿ, “ನಡೆಯಮ್ಮ, ನಿಮ್ಮ ಕಡೆ ಹೇಗೆ ಮಾಡುತ್ತಾರೋ ನೋಡೋಣ” ಎಂದು ಸೊಸೆಯೊಡನೆ ಹೊರಡುವಳು. ಸಂಕ್ರಾಂತಿಗೆ ಸೊಸೆಯು ಎಳ್ಳಿನ ತಟ್ಟೆಯನ್ನು ಹಿಡಿದು ನೆರೆಮನೆಗಳಿಗೆ ಹೋಗುವಳು. ಮನೆಯ ಲಿಂಗಪೂಜೆಯು ಎಂದಿನಂತೆ ನಡೆದಿರುವುದು.