ಅರಿಸಿನಕ್ಕೆ ಬಣ್ಣ ಬೇಡ



ಸಂತೆಯಲ್ಲಿ ಅರಿಸಿನ ಪುಡಿಯೋ ತೊಗರಿ ಬೇಳೆಯೋ ಮಿರಮಿರನೆ ಮಿರುಗುತ್ತಿದ್ದರೆ ಮರುಳಾಗಬೇಡಿರಿ. ಅದರಲ್ಲಿ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಬೆರೆತಿರಬಹುದು. ಇದು ಬಟ್ಟೆ, ಚರ್ಮ, ಕಾಗದಗಳಿಗೆ ಹಾಕತಕ್ಕದ್ದು. ತಿನ್ನುವ ಪದಾರ್ಥಕ್ಕೆ ಬೆರೆಸುವುದು 2006ರ ಆಹಾರ ಸುರಕ್ಷತಾ ಕಾನೂನಿನಂತೆ ಅಪರಾಧ.

ಈ ಬಣ್ಣ ಹೊಟ್ಟೆಗೆ ಹೋದಾಗ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಬೇರೆ ರಾಸಾಯನಿಕಗಳನ್ನಾಗಿ ಮಾಡುತ್ತವೆ. ಅವು ರಕ್ತಕ್ಕೆ ಸೇರುತ್ತವೆ. ಪ್ರಾಣವಾಯುವನ್ನು ಮೈಗೆಲ್ಲ ಹೊತ್ತೊಯ್ಯುವುದು ರಕ್ತದ ಕೆಂಪು ಕಣಗಳ ಕೆಲಸವಷ್ಟೆ. ವಿಷ ಹೆಚ್ಚಾದರೆ ಕಣಗಳ ಆ ಶಕ್ತಿ ಕುಗ್ಗಿ, ತುಟಿ ಉಗುರುಗಳು ನೀಲಿಗಟ್ಟುವುದುಂಟು. ಹಾಗಾದವರನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿರಿ. ಒಳ್ಳೆಯ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗುವುದು. ಗಾಢ ಹಳದಿಯಾದರೆ ಸಂಶಯಪಡಿರಿ. ಪುಡಿಯನ್ನು ಆಹಾರ ಸುರಕ್ಷತಾಧಿಕಾರಿಗಳಿಗೆ ತೋರಿಸಿರಿ.

ಇನ್ನು ಅರಿಸಿನ ಬೆಳೆಯುವವರಿಗೆ. ಬಣ್ಣ ಹಾಕಿದರೆ ಕೊಂಬಿಗೆ ನಾಲ್ಕು ಕಾಸು ಹೆಚ್ಚು ಬರುತ್ತದೆಂದು ದಲ್ಲಾಳಿ ಹೇಳಿಯಾನು, ಕಿವಿಗೊಡಬೇಡಿರಿ. ಹೊಳಪು ಬೇಕಾದರೆ, ಪೀಪಾಯಿಯಲ್ಲಿ ಕೊಂಬು ತಿರುಗಿಸುವಾಗ ಕೊನೆಯಲ್ಲಿ ಅರಿಸಿನ ಪುಡಿಯನ್ನೇ ನೀರಿನಲ್ಲಿ ಕದಡಿ ಚಿಮುಕಿಸಿರಿ. ಆಮೇಲೆ ಮತ್ತೆ ಬಿಸಿಲಿಗೆ ಹರವಿ ಒಣಗಿಸಿರಿ.